ಮಗು ಏನೋ ನುಂಗಿಬಿಟ್ಟಿದೆ: ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ತುರ್ತು ವಿಭಾಗದಲ್ಲಿ ಕೆಲಸ ಮಾಡುವವರಿಗೆ ಈ ಪ್ರಶ್ನೆಗಳು ಹೊಸವಲ್ಲ. ಬಾಗಿಲಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮಗು ಈಗಲೇ ಉಸಿರಿಗೆ ಒದ್ದಾಡುತ್ತಿದ್ದರೆ ನೇರ ಎರಡನೇ ಪ್ರಶ್ನೆಗೆ ಹೋಗಿ, ಪಕ್ಕದಲ್ಲಿರುವವರಿಗೆ ಆಂಬುಲೆನ್ಸ್‌ಗೆ ಫೋನ್ ಮಾಡಲು ಹೇಳಿ. ಬಟನ್ ಬ್ಯಾಟರಿ (ಗುಂಡಿಯಂತೆ ದುಂಡಗೆ ಚಪ್ಪಟೆಯಾಗಿರುವ ಸಣ್ಣ ಬ್ಯಾಟರಿ) ನುಂಗಿರಬಹುದು ಎಂಬ ಸಣ್ಣ ಅನುಮಾನವಿದ್ದರೂ ಆಸ್ಪತ್ರೆಗೆ ಹೊರಡಿ, ದಾರಿಯಲ್ಲಿ ಓದಿ.

## ಮೊದಲ ಕೆಲವು ನಿಮಿಷ

ಮಗು ಈಗಷ್ಟೇ ಏನೋ ನುಂಗಿಬಿಟ್ಟಿದೆ, ಮೊದಲು ಏನು ಮಾಡಲಿ?

ಎರಡು ವಿಷಯ ನೋಡಿ. ಉಸಿರಾಟ ಸರಿಯಾಗಿದೆಯಾ? ನುಂಗಿದ್ದು ಏನು? ಮಗು ಅಳುತ್ತಿದ್ದರೆ, ಮಾತಾಡುತ್ತಿದ್ದರೆ, ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಗಾಳಿ ಓಡಾಡುತ್ತಿದೆ ಎಂದರ್ಥ. ಯೋಚಿಸಲು ನಿಮಗೆ ಸಮಯವಿದೆ. ಉಳಿದ ಚೂರು, ಡಬ್ಬಿ, ಮಾತ್ರೆಯ ಪಟ್ಟಿ ಏನಿದ್ದರೂ ಎತ್ತಿಟ್ಟುಕೊಳ್ಳಿ. ಅಂಥದ್ದೇ ಇನ್ನೊಂದು ವಸ್ತು ಮನೆಯಲ್ಲಿದ್ದರೆ ಅದನ್ನೂ ತನ್ನಿ, ವೈದ್ಯರಿಗೆ ಗಾತ್ರ ಗೊತ್ತಾಗುತ್ತದೆ. ಗಡಿಯಾರ ನೋಡಿ, ಎಷ್ಟು ಹೊತ್ತಿಗೆ ಎಂದು ಗುರುತು ಹಾಕಿಕೊಳ್ಳಿ. ವೈದ್ಯರನ್ನು ಕೇಳುವವರೆಗೆ ಊಟ, ನೀರು, ಹಾಲು ಕೊಡಬೇಡಿ. ಮಗುವಿಗೆ ಅರಿವಳಿಕೆ ಬೇಕಾದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದು.

ಎಷ್ಟೋ ಸಲ ನುಂಗಿದ ವಸ್ತುವಿಗಿಂತ ಮೊದಲ ಐದು ನಿಮಿಷದ ಗಾಬರಿಯಲ್ಲಿ ಮಾಡಿದ ಕೆಲಸವೇ ಜಾಸ್ತಿ ಹಾನಿ ಮಾಡುತ್ತದೆ. ಬೆರಳು ಹಾಕುವುದು, ವಾಂತಿ ಮಾಡಿಸುವುದು, ಗಟಗಟ ನೀರು ಕುಡಿಸುವುದು, ತಲೆಕೆಳಗು ಹಿಡಿದು ಅಲ್ಲಾಡಿಸುವುದು. ಈ ನಾಲ್ಕನ್ನೂ ಬಿಟ್ಟರೆ ಅರ್ಧ ಕೆಲಸ ಸರಿಯಾದಂತೆ.

ಉಸಿರು ಕಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ? ಬೆನ್ನಿಗೆ ಹೊಡೀಬೇಕಾ?

ಉಸಿರು ಪೂರ್ತಿ ಕಟ್ಟಿದ ಮಗು ಸದ್ದು ಮಾಡುವುದಿಲ್ಲ. ಬಾಯಿ ತೆರೆದಿರುತ್ತದೆ, ಅಳು ಬರುವುದಿಲ್ಲ, ಕೆಮ್ಮಿಗೆ ಬಲವಿರುವುದಿಲ್ಲ, ತುಟಿ ನೀಲಿಗೆ ತಿರುಗುತ್ತದೆ. ಆಗ ಹೌದು, ಬೆನ್ನಿಗೆ ಹೊಡೆಯಲೇಬೇಕು.

1 ವರ್ಷದೊಳಗಿನ ಮಗುವಾದರೆ ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ. ದವಡೆಗೆ ಕೈ ಆಸರೆ ಇರಲಿ, ತಲೆ ಎದೆಗಿಂತ ಕೆಳಗಿರಲಿ. ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಹೊರಗೆ ಬರಲಿಲ್ಲವಾ? ಮಗುವನ್ನು ಅಂಗಾತ ತಿರುಗಿಸಿ ಎದೆಯ ನಡುವಿನ ಮೂಳೆಯನ್ನು 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಎದೆ. ಇಷ್ಟು ಚಿಕ್ಕ ಮಗುವಿನ ಹೊಟ್ಟೆಯನ್ನು ಮಾತ್ರ ಒತ್ತಬಾರದು, ಯಕೃತ್ತಿಗೆ ಪೆಟ್ಟಾಗುತ್ತದೆ.

1 ವರ್ಷ ದಾಟಿದ್ದರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ 5 ಏಟು. ಆಮೇಲೆ ಹಿಂದೆ ನಿಂತು, ಹೊಕ್ಕಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ. ಹೆನ್ರಿ ಹೈಮ್ಲಿಕ್ ಎಂಬ ಅಮೆರಿಕದ ವೈದ್ಯರು 1974ರಲ್ಲಿ ವಿವರಿಸಿದ ಪಟ್ಟು ಇದು. ವಸ್ತು ಹೊರಗೆ ಬಂದು ಮಗು ಸುಧಾರಿಸಿಕೊಂಡರೂ, ಹೊಟ್ಟೆ ಒತ್ತಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿ. ಮಗು ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಸಿಪಿಆರ್ (ಎದೆ ಒತ್ತುವುದು, ಬಾಯಿಂದ ಉಸಿರು ಕೊಡುವುದು) ಶುರುಮಾಡಿ.

ಗಟ್ಟಿಯಾಗಿ ಕೆಮ್ಮುತ್ತಿರುವ ಮಗುವಿಗೆ ಮಾತ್ರ ಹೊಡೆಯಬೇಡಿ, ಕೆಮ್ಮಲು ಬಿಡಿ. ಆ ಕೆಮ್ಮಿಗಿರುವ ಬಲ ನಿಮ್ಮ ಕೈಗಿಲ್ಲ. ಇದನ್ನೆಲ್ಲ ಓದಿ ಕಲಿಯುವುದಕ್ಕಿಂತ ತರಬೇತಿಯಲ್ಲಿ ಬೊಂಬೆಯ ಮೇಲೆ ಒಮ್ಮೆ ಮಾಡಿ ನೋಡುವುದು ಎಷ್ಟೋ ಮೇಲು. ಮಗು ನೋಡಿಕೊಳ್ಳುವ ಪ್ರತಿಯೊಬ್ಬರೂ ಕಲಿತಿರಲಿ.

ಬಾಯೊಳಗೆ ಬೆರಳು ಹಾಕಿ ತೆಗೆದುಬಿಡಬಾರದಾ?

ಕಣ್ಣಿಗೆ ಕಾಣುತ್ತಿದ್ದು, ಸುಲಭವಾಗಿ ಕೈಗೆ ಸಿಗುವಂತಿದ್ದರೆ ತೆಗೆಯಿರಿ. ಕಾಣದಿದ್ದರೆ ಬೇಡ. ಕುರುಡಾಗಿ ತಡಕಾಡುವ ಬೆರಳು ವಸ್ತುವನ್ನು ಇನ್ನೂ ಒಳಕ್ಕೆ, ಕೆಲವು ಸಲ ನೇರ ಶ್ವಾಸನಾಳದ ಬಾಯಿಗೇ ತಳ್ಳುತ್ತದೆ.

ವಾಂತಿ ಮಾಡಿಸಿದರೆ ಹೊರಗೆ ಬಂದುಬಿಡುತ್ತೆ ಅಲ್ವಾ? ಹಿಂದೆಲ್ಲ ಡಾಕ್ಟರೇ ಹೇಳ್ತಿದ್ದರು.

ಹೇಳುತ್ತಿದ್ದದ್ದು ನಿಜ. ವಾಂತಿ ಬರಿಸುವ ಇಪಿಕ್ಯಾಕ್ ಎಂಬ ಸಿರಪ್ ಹಿಂದೆ ಅಮೆರಿಕದ ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿ ಇರುತ್ತಿತ್ತು. ಅದರಿಂದ ಲಾಭವಿಲ್ಲ, ಮನೆಯಲ್ಲಿ ಇಡಬೇಡಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲಿ ಹೇಳಿತು. ಕಾರಣ ಸರಳ. ಸುಡುವ ದ್ರವ ವಾಂತಿಯಾದರೆ ಅನ್ನನಾಳವನ್ನು ಎರಡನೇ ಸಲ ಸುಡುತ್ತದೆ. ಸೀಮೆಎಣ್ಣೆಯಂಥದ್ದು ವಾಂತಿಯಾಗುವಾಗ ಶ್ವಾಸಕೋಶಕ್ಕೆ ನುಗ್ಗುತ್ತದೆ. ಚೂಪಾದದ್ದು ಬರುವ ದಾರಿಯಲ್ಲೂ ಗೀರುತ್ತದೆ. ಉಪ್ಪುನೀರು ಕುಡಿಸುವುದಂತೂ ಬೇಡವೇ ಬೇಡ. ಪುಟ್ಟ ಮಗುವಿನ ರಕ್ತದಲ್ಲಿ ಉಪ್ಪು ಏರಿದರೆ ಅದೇ ಜೀವಕ್ಕೆ ಅಪಾಯ.

ನುಂಗಿದೆಯೋ ಇಲ್ಲವೋ ಅಂತಾನೇ ಗೊತ್ತಿಲ್ಲ. ಕೈಲಿತ್ತು, ಈಗ ಇಲ್ಲ.

ನೆಲ, ಹಾಸಿಗೆ, ಮಗುವಿನ ಬಟ್ಟೆಯ ಮಡಿಕೆ ಒಮ್ಮೆ ಬೇಗ ಹುಡುಕಿ. ಸಿಗದಿದ್ದರೆ ನುಂಗಿದೆ ಎಂದೇ ಲೆಕ್ಕ ಹಾಕಿ. ಸುಮ್ಮಸುಮ್ಮನೆ ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು, ಗಟ್ಟಿ ಪದಾರ್ಥ ಬಿಟ್ಟು ಬರೀ ದ್ರವ ಕುಡಿಯುವುದು, ಕತ್ತು ಹಿಡಿದುಕೊಳ್ಳುವುದು, ಉಸಿರಿನಲ್ಲಿ ಸೀಟಿಯಂಥ ಸದ್ದು. ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ಆದರೆ ಯಾವ ಲಕ್ಷಣವೂ ಇಲ್ಲ ಎನ್ನುವುದು ಧೈರ್ಯಕ್ಕೆ ಸಾಕಾಗುವುದಿಲ್ಲ. ಅನ್ನನಾಳದಲ್ಲಿ ನಾಣ್ಯ ಸಿಕ್ಕಿಕೊಂಡಿದ್ದರೂ ಕೆಲವು ಮಕ್ಕಳು ಆರಾಮವಾಗಿ ಆಡುತ್ತಿರುತ್ತಾರೆ.

## ಒಂದೊಂದು ವಸ್ತುವಿನ ಕಥೆ

ನಾಣ್ಯ ನುಂಗಿದೆ. ತಾನೇ ಹೋಗುತ್ತಾ?

ಬಹುಪಾಲು ಹೋಗುತ್ತದೆ. ಹೊಟ್ಟೆ ತಲುಪಿದ ವಸ್ತುಗಳಲ್ಲಿ ಶೇಕಡಾ 80ರಿಂದ 90ರಷ್ಟು ಯಾರೂ ಮುಟ್ಟದೆ ತಾವೇ ಹೊರಬೀಳುತ್ತವೆ. ಪ್ರಶ್ನೆ ಇರುವುದು ಹೊಟ್ಟೆ ತಲುಪಿದೆಯಾ ಎನ್ನುವುದರಲ್ಲಿ. ಅನ್ನನಾಳದಲ್ಲಿ ಮೂರು ಕಡೆ ಇಕ್ಕಟ್ಟಿದೆ: ಗಂಟಲ ಕೆಳಗೆ, ದೊಡ್ಡ ರಕ್ತನಾಳ ಪಕ್ಕದಲ್ಲಿ ಹಾಯುವ ಎದೆಯ ಮಧ್ಯೆ, ಹೊಟ್ಟೆಯ ಬಾಗಿಲಲ್ಲಿ. ನಾಣ್ಯ ಜಾಸ್ತಿ ಸಿಕ್ಕಿಕೊಳ್ಳುವುದು ಮೊದಲನೆಯದರಲ್ಲಿ. ಅದಕ್ಕೇ ಮಗು ಚೆನ್ನಾಗಿದ್ದರೂ ಒಂದು ಎಕ್ಸ್‌ರೇ ಬೇಕು.

ಅನ್ನನಾಳದಲ್ಲಿದ್ದು ಮಗುವಿಗೆ ತೊಂದರೆ ಇಲ್ಲದಿದ್ದರೆ ವೈದ್ಯರು ಕೆಲವು ಗಂಟೆ ಕಾದು ಇನ್ನೊಂದು ಎಕ್ಸ್‌ರೇ ತೆಗೆಸಬಹುದು, ಕೆಲವು ತಾನೇ ಜಾರಿ ಇಳಿಯುತ್ತವೆ. ಆದರೆ 24 ಗಂಟೆ ಮೀರಿ ಅಲ್ಲಿ ಬಿಡುವುದಿಲ್ಲ. ಜೊಲ್ಲು ನುಂಗಲೂ ಆಗುತ್ತಿಲ್ಲ, ಉಸಿರಿಗೆ ಕಷ್ಟ ಎಂದಾದರೆ ತಕ್ಷಣ ತೆಗೆಯುತ್ತಾರೆ. ಒಂದೇ ನಾಣ್ಯಕ್ಕೆ ಒಬ್ಬ ವೈದ್ಯರು ಕಾಯಿರಿ ಅಂದರು, ಇನ್ನೊಬ್ಬರು ಕೂಡಲೇ ತೆಗೆದರು ಎಂದು ದೂರುವವರಿದ್ದಾರೆ. ಎರಡೂ ಸರಿ ಇರಬಹುದು. ವ್ಯತ್ಯಾಸ ನಾಣ್ಯದ್ದಲ್ಲ, ಅದು ನಿಂತ ಜಾಗದ್ದು.

ಬಾಳೆಹಣ್ಣು ತಿನ್ನಿಸಿದರೆ ಕೆಳಗೆ ತಳ್ಳಲ್ವಾ? ಭೇದಿ ಔಷಧಿ ಕೊಡಲಾ?

ವಸ್ತು ಅನ್ನನಾಳದಲ್ಲೇ ಸಿಕ್ಕಿದ್ದರೆ ಅದರ ಮೇಲೆ ಹಣ್ಣು ಗುಡ್ಡೆಯಾಗುತ್ತದೆ, ಅಷ್ಟೇ. ಆಮೇಲೆ ಅದು ಉಸಿರಿನ ದಾರಿಗೆ ಬರುವ ಅಪಾಯ ಬೇರೆ. ಹೊಟ್ಟೆ ಸೇರಿದೆ ಎಂದು ಎಕ್ಸ್‌ರೇಯಲ್ಲಿ ಖಚಿತವಾದ ಮೇಲೆ ಮಗು ಎಂದಿನಂತೆ ತಿನ್ನಬಹುದು, ವಿಶೇಷ ಆಹಾರ ಬೇಕಿಲ್ಲ. ಭೇದಿ ಔಷಧಿಯಿಂದ ಉಪಯೋಗವಿಲ್ಲ.

ಎಷ್ಟು ದಿನ ಕಾಯಬೇಕು? ಮಲದಲ್ಲಿ ಹುಡುಕಬೇಕಾ?

ಸಾಮಾನ್ಯವಾಗಿ ಒಂದು ವಾರದೊಳಗೆ ಹೋಗುತ್ತದೆ, ಕೆಲವಕ್ಕೆ 3-4 ವಾರವೂ ಹಿಡಿಯುತ್ತದೆ. ಹುಡುಕುವುದು ಒಳ್ಳೆಯದು. ಡೈಪರಿನಲ್ಲಿರುವುದನ್ನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೊರಗಿನಿಂದ ಬೆರಳಲ್ಲಿ ಹಿಸುಕಿ ನೋಡಿ. ನಾಣ್ಯದ ಅಂಚು ಥಟ್ಟನೆ ಕೈಗೆ ತಾಗುತ್ತದೆ, ವಾಸನೆಯೂ ಕಡಿಮೆ. ಸಿಗಲಿಲ್ಲ ಅಂತ ಗಾಬರಿ ಬೇಡ, ಕಣ್ತಪ್ಪುವುದು ಜಾಸ್ತಿ. ಈ ಮಧ್ಯೆ ವಾಂತಿ, ಹೊಟ್ಟೆನೋವು, ಹೊಟ್ಟೆ ಉಬ್ಬರ, ಜ್ವರ, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ ಕಂಡರೆ ಅಂದೇ ತೋರಿಸಿ.

ಬಟನ್ ಬ್ಯಾಟರಿ ಅಂದರೆ ಎಲ್ಲರೂ ಯಾಕಿಷ್ಟು ಹೆದರಿಸ್ತಾರೆ?

ಹೆದರಿಸಬೇಕಾದದ್ದೇ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ ಎನ್ನುತ್ತೇನೆ.

ಬ್ಯಾಟರಿ ಒಡೆದು ವಿಷ ಸೋರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ. ಒದ್ದೆಯಾದ ಅನ್ನನಾಳದ ಗೋಡೆ ಬ್ಯಾಟರಿಯ ಎರಡೂ ಧ್ರುವಗಳನ್ನು ಮುಟ್ಟಿದ ಕೂಡಲೇ ವಿದ್ಯುತ್ ಹರಿಯುತ್ತದೆ. ಋಣ ಧ್ರುವದ ಬಳಿ ಕ್ಷಾರ ಹುಟ್ಟುತ್ತದೆ. ಚರಂಡಿ ಪೈಪು ಶುಚಿ ಮಾಡುವ ಪುಡಿಯಲ್ಲಿರುವುದೂ ಅಂಥದ್ದೇ ಕ್ಷಾರ. 15 ನಿಮಿಷದಲ್ಲಿ ಹಾನಿ ಶುರುವಾಗಬಹುದು, 2 ಗಂಟೆಯೊಳಗೆ ಆಳವಾದ ಸುಟ್ಟಗಾಯ ಆಗಬಹುದು. ಜಾಸ್ತಿ ಅಪಾಯದ್ದು 20 ಮಿ.ಮೀ. ಅಗಲದ 3 ವೋಲ್ಟ್ ಲಿಥಿಯಂ ಬ್ಯಾಟರಿ, ಮೈಮೇಲೆ ಸಿಆರ್2032 ಎಂಬಂಥ ಗುರುತಿರುತ್ತದೆ. ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರವೇ ಅದು. ರಿಮೋಟಿನಲ್ಲಿ ಕೆಲಸ ಮಾಡದ 'ಸತ್ತ' ಬ್ಯಾಟರಿಯಲ್ಲೂ ಸುಡುವಷ್ಟು ವಿದ್ಯುತ್ ಉಳಿದಿರುತ್ತದೆ.

ಆದ್ದರಿಂದ ವಾಂತಿ ಬೇಡ, ಕಾಯುವುದು ಬೇಡ, ನಾಳೆ ಬೆಳಿಗ್ಗೆ ನೋಡೋಣ ಎನ್ನುವುದು ಬೇಡವೇ ಬೇಡ. ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಒಳಗೆ ನೋಡಿ ವಸ್ತು ತೆಗೆಯುವ ವ್ಯವಸ್ಥೆ) ಇರುವ ಆಸ್ಪತ್ರೆಗೆ ನೇರ ಹೋಗಿ, ಬಾಗಿಲಲ್ಲೇ 'ಬಟನ್ ಬ್ಯಾಟರಿ' ಎಂದು ಜೋರಾಗಿ ಹೇಳಿ. ಮಗುವಿಗೆ 1 ವರ್ಷ ದಾಟಿದ್ದು, ನುಂಗಿ 12 ಗಂಟೆ ಆಗಿಲ್ಲದೆ, ನುಂಗಲು ಕಷ್ಟವಿಲ್ಲದಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ 6 ಸಲ. ಅದು ಬ್ಯಾಟರಿಯನ್ನು ಸುತ್ತುವರಿದು ಕ್ಷಾರದ ಹೊಡೆತ ತಗ್ಗಿಸುತ್ತದೆ. ಮನೆಯಲ್ಲಿ ಜೇನಿಲ್ಲ ಎಂದು ಅಂಗಡಿ ಹುಡುಕುತ್ತಾ ನಿಲ್ಲಬೇಡಿ. ಬೇರೆ ತಿಂಡಿ, ನೀರು ಬೇಡ. 1 ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ಕಾಯಿಲೆ ಬರಬಹುದು. ಮೂಗು, ಕಿವಿಯಲ್ಲಿ ತುರುಕಿಕೊಂಡ ಬ್ಯಾಟರಿಯೂ ಹೀಗೇ ಸುಡುತ್ತದೆ, ಅದಕ್ಕೂ ಇದೇ ಅವಸರ.

ಆಯಸ್ಕಾಂತದ ಸಣ್ಣ ಗುಂಡು ನುಂಗಿದ್ದಾನೆ, ನುಣ್ಣಗಿದೆ. ಏನೂ ಆಗಲ್ಲ ಅಲ್ವಾ?

ಒಂದೇ ಆಗಿದ್ದರೆ ಹಲವು ಸಲ ಏನೂ ಆಗುವುದಿಲ್ಲ. ಆದರೆ ಒಂದೇ ಎಂದು ಹೇಗೆ ಹೇಳುತ್ತೀರಿ? ಎರಡು ಗುಂಡುಗಳು ಬೇರೆ ಬೇರೆ ಹೊತ್ತಿನಲ್ಲಿ ಒಳಹೋದರೆ, ಕರುಳಿನ ಎರಡು ಸುರುಳಿಗಳಲ್ಲಿ ಕೂತು ಒಂದನ್ನೊಂದು ಸೆಳೆಯುತ್ತವೆ. ಮಧ್ಯೆ ಸಿಕ್ಕ ಕರುಳಿನ ಗೋಡೆಗೆ ರಕ್ತ ಹರಿಯುವುದು ನಿಂತು ತೂತಾಗುತ್ತದೆ. ಒಂದು ಆಯಸ್ಕಾಂತ, ಒಂದು ಕಬ್ಬಿಣದ ಚೂರು ಸೇರಿದರೂ ಹೀಗೇ. ಆಟಿಕೆಗಳಲ್ಲಿ ಬರುವ ನಿಯೋಡಿಮಿಯಂ ಗುಂಡುಗಳ ಸೆಳೆತ ಫ್ರಿಜ್ ಬಾಗಿಲಿಗೆ ಅಂಟಿಸುವವಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಶುರುವಿನಲ್ಲಿ ಕಾಣುವುದು ಸಾಧಾರಣ ಹೊಟ್ಟೆನೋವು, ವಾಂತಿ ಮಾತ್ರ. ಅದನ್ನು ಅಜೀರ್ಣ ಎಂದುಕೊಂಡು ದಿನ ಕಳೆಯಬೇಡಿ, ಅದೇ ದಿನ ಎಕ್ಸ್‌ರೇ ಆಗಲಿ.

ಪಿನ್ನು, ಮೊಳೆ?

ಚೂಪಾದದ್ದು ಹೊಟ್ಟೆ ಸೇರಿದ ಮೇಲೂ ಬಹಳ ಸಲ ತಾನೇ ಹೊರಬರುತ್ತದೆ. ಆದರೂ ಇದು ಮನೆಯಲ್ಲಿ ಕಾಯುವ ವಿಷಯವಲ್ಲ. ಅನ್ನನಾಳ ಅಥವಾ ಹೊಟ್ಟೆಯಲ್ಲಿ ಕೈಗೆಟಕುವಂತಿರುವಾಗಲೇ ತೆಗೆಯಲು ನೋಡುತ್ತಾರೆ. 5-6 ಸೆಂ.ಮೀ.ಗಿಂತ ಉದ್ದ, 2.5 ಸೆಂ.ಮೀ.ಗಿಂತ ಅಗಲ ಇರುವುದನ್ನೂ ಹೀಗೇ ನೋಡುತ್ತಾರೆ, ಮುಂದಿನ ತಿರುವು ದಾಟುವುದು ಕಷ್ಟ.

ನೀರಲ್ಲಿ ಉಬ್ಬುವ ಬಣ್ಣದ ಮಣಿ ತಿಂದಿದ್ದಾಳೆ, ಅದು ಬರೀ ಜೆಲ್ಲಿ ಥರ ಇದೆ.

ಒಣಗಿದಾಗ ಸಾಸಿವೆಯಷ್ಟಿರುವ ಮಣಿ ನೀರು ಹೀರಿ ಗೋಲಿಯಷ್ಟಾಗುತ್ತದೆ, ಕೆಲವು ಅದಕ್ಕಿಂತಲೂ ದೊಡ್ಡದಾಗುತ್ತವೆ. ಕರುಳೊಳಗೂ ಅದು ಉಬ್ಬುತ್ತಲೇ ಹೋಗಿ ದಾರಿ ಕಟ್ಟಬಹುದು. ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ವಿಷವಲ್ಲ ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನು ನಂಬಿ ಸುಮ್ಮನಿರಬೇಡಿ. ವೈದ್ಯರಿಗೆ ಮಣಿಯ ಹೆಸರು ಹೇಳದಿದ್ದರೆ ಅವರು ಊಹಿಸುವುದು ತುಂಬಾ ಕಷ್ಟ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇವು ಇರಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕ್ರೇಯಾನ್, ಪೆನ್ಸಿಲ್ ತುದಿ, ಶೂ ಡಬ್ಬಿಯಲ್ಲಿ ಬರುವ ಪುಟ್ಟ ಚೀಲ?

ಇವು ವಿಷವಲ್ಲ. ಪೆನ್ಸಿಲ್ಲಿನಲ್ಲಿರುವುದು ಸೀಸವಲ್ಲ, ಗ್ರಾಫೈಟ್. ಪುಟ್ಟ ಚೀಲದಲ್ಲಿರುವ ಸಿಲಿಕಾ ಜೆಲ್‌ಗೂ ವಿಷವಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳದಂತೆ ನೋಡಿದರಾಯಿತು. ಬಾಯಿ ಒರೆಸಿ, ಸ್ವಲ್ಪ ನೀರು ಕೊಡಿ.

ಅಜ್ಜಿಯ ಮಾತ್ರೆ ಒಂದೇ ಒಂದು ನುಂಗಿರಬಹುದು. ಮಗು ಚೆನ್ನಾಗಿದೆ, ಕಾಯೋಣ್ವಾ?

ಕಾಯಬೇಡಿ. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ಒಂದೇ ಸಾಕು, ಪುಟ್ಟ ಮಗುವಿನ ರಕ್ತದ ಸಕ್ಕರೆ ಕುಸಿಯಲು. ಅದೂ ಕೆಲವು ಸಲ ಎಷ್ಟೋ ಗಂಟೆ ತಡವಾಗಿ. ಅದಕ್ಕೇ ಇಡೀ ದಿನ ಆಸ್ಪತ್ರೆಯಲ್ಲಿಟ್ಟು ನೋಡುತ್ತಾರೆ. ರಕ್ತದೊತ್ತಡ, ಹೃದಯದ ಕೆಲವು ಮಾತ್ರೆಗಳೂ ಹೀಗೇ. ಕಬ್ಬಿಣಾಂಶದ ಮಾತ್ರೆ ಇನ್ನೂ ಮೋಸದ್ದು. ಮೊದಲು ವಾಂತಿ ಭೇದಿ, ಆಮೇಲೆ ಮಗು ಸುಧಾರಿಸಿದಂತೆ ಕಾಣುತ್ತದೆ, ಅದರ ನಂತರ ಕೆಡುತ್ತದೆ. ಪ್ಯಾರಸಿಟಮಾಲ್ ಜಾಸ್ತಿಯಾದರೆ ಮೊದಲ ದಿನ ಬಹುತೇಕ ಏನೂ ತೋರುವುದಿಲ್ಲ, ಆದರೆ ಅದರ ಮದ್ದು ಚೆನ್ನಾಗಿ ಕೆಲಸ ಮಾಡುವುದು 8 ಗಂಟೆಯೊಳಗೆ ಕೊಟ್ಟಾಗ. ಕರ್ಪೂರ ತಿಂದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು.

ಪಟ್ಟಿಯಲ್ಲಿ ಎಷ್ಟಿದ್ದವು, ಎಷ್ಟು ಉಳಿದಿವೆ ಎಣಿಸಿ. ಅನುಮಾನವಿದ್ದರೆ ಜಾಸ್ತಿ ಲೆಕ್ಕವನ್ನೇ ಹೇಳಿ.

ಸೀಮೆಎಣ್ಣೆ ಕುಡಿದಿದೆ. ಟಾಯ್ಲೆಟ್ ಕ್ಲೀನರ್ ಕುಡಿದಿದೆ. ಹಾಲು ಕುಡಿಸಲಾ, ನಿಂಬೆರಸ ಕೊಡಲಾ?

ನಿಂಬೆರಸ ಬೇಡ. ಕ್ಷಾರಕ್ಕೆ ಹುಳಿ ಬೆರೆತರೆ ಬಿಸಿ ಹುಟ್ಟುತ್ತದೆ, ಗಾಯ ಹೆಚ್ಚಾಗುತ್ತದೆ. ಬಾಯಿ ಒರೆಸಿ, ಒದ್ದೆ ಬಟ್ಟೆ ಬಿಚ್ಚಿ, ಮೈ ತೊಳೆದು, ಬಾಟಲಿ ಸಮೇತ ಹೊರಡಿ. ವಿಷ ಮಾಹಿತಿ ಕೇಂದ್ರದ ಫೋನ್ ಇದ್ದರೆ ದಾರಿಯಲ್ಲೇ ಮಾತಾಡಿ, ಹಾಲು ನೀರಿನ ವಿಷಯ ಅವರು ಹೇಳಿದಂತೆ ಮಾಡಿ. ಬಾಯಲ್ಲಿ ಗಾಯ ಕಾಣುತ್ತಿಲ್ಲ ಎಂದರೆ ಅನ್ನನಾಳವೂ ಸರಿ ಇದೆ ಎಂದಲ್ಲ. ಸೀಮೆಎಣ್ಣೆ ಕುಡಿದ ಮಗು ಕೆಮ್ಮುತ್ತಿದ್ದರೆ ಅದು ಶ್ವಾಸಕೋಶ ತಲುಪಿರುವ ಸೂಚನೆ. ಇಂಥ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವುದೇ ಹೆಚ್ಚಿನ ಅನಾಹುತಗಳ ಮೂಲ.

## ಇನ್ನೂ ಮುಂದಿನ ಪ್ರಶ್ನೆಗಳು

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಮತ್ತೆ ಯಾಕೆ ಬಿಡ್ತಿಲ್ಲ?

ಎಕ್ಸ್‌ರೇಗೆ ಲೋಹ ಕಾಣುತ್ತದೆ. ಪ್ಲಾಸ್ಟಿಕ್, ಮರ, ಕಾಳು, ಹೆಚ್ಚಿನ ಮೀನಿನ ಮುಳ್ಳು ಕಾಣುವುದಿಲ್ಲ. ಮಗು ಹೇಗಿದೆ, ನೀವು ಏನು ನೋಡಿದಿರಿ ಎನ್ನುವುದಕ್ಕೆ ಅಲ್ಲಿ ಬೆಲೆ ಜಾಸ್ತಿ.

ಇನ್ನೊಂದು ಮಾತು. ನಾಣ್ಯವೂ ಬಟನ್ ಬ್ಯಾಟರಿಯೂ ಚಿತ್ರದಲ್ಲಿ ದುಂಡಗೇ ಕಾಣುತ್ತವೆ. ಗಮನವಿಟ್ಟು ನೋಡಿದರೆ ಬ್ಯಾಟರಿಯ ಅಂಚಿನೊಳಗೆ ಇನ್ನೊಂದು ತೆಳು ಉಂಗುರವಿರುತ್ತದೆ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ. ನಾಣ್ಯಕ್ಕೆ ಇವೆರಡೂ ಇಲ್ಲ. ಎರಡು ಕೋನದಿಂದ ಎಕ್ಸ್‌ರೇ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಕಡಲೆಕಾಯಿ ತಿನ್ನುವಾಗ ಒಮ್ಮೆ ಕೆಮ್ಮಿ ಸರಿಹೋಗಿದ್ದ. ಈಗ ವಾರಗಟ್ಟಲೆ ಕೆಮ್ಮು, ಔಷಧಿ ಕೊಟ್ಟರೂ ಹೋಗ್ತಿಲ್ಲ.

ಆ ಕೆಮ್ಮಿನ ಘಟನೆಯನ್ನು ವೈದ್ಯರಿಗೆ ಹೇಳಿದ್ದೀರಾ? ಕಾಳು ಶ್ವಾಸನಾಳದ ಕವಲಿಗೆ ಇಳಿದರೆ ಹೀಗೇ ಆಗುತ್ತದೆ. ಮೊದಲು ಜೋರು ಕೆಮ್ಮು, ಆಮೇಲೆ ದಿನಗಟ್ಟಲೆ ನೆಮ್ಮದಿ, ಮತ್ತೆ ಬಿಡದ ಕೆಮ್ಮು, ಒಂದೇ ಕಡೆ ಉಬ್ಬಸದ ಸದ್ದು, ಒಂದೇ ಜಾಗದಲ್ಲಿ ಮರುಕಳಿಸುವ ನ್ಯುಮೋನಿಯ. ಅಸ್ತಮಾ ಎಂದು ಚಿಕಿತ್ಸೆ ನಡೆಯುತ್ತಲೇ ಇರುತ್ತದೆ. ಎಕ್ಸ್‌ರೇ ಸಾಮಾನ್ಯವಾಗಿದ್ದರೂ ಅನುಮಾನ ಬಲವಾಗಿದ್ದರೆ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ, ನೋಡುತ್ತಾರೆ. ಇಡೀ ಕಡಲೆಕಾಯಿ, ಬಾದಾಮಿಯಂಥವನ್ನು 4-5 ವರ್ಷದವರೆಗೆ ಕೊಡಬೇಡಿ, ಪುಡಿ ಮಾಡಿ ಕೊಡಿ.

ಇಷ್ಟು ಚಿಕ್ಕ ಮಗುವಿಗೆ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿನಾ? ನನಗೆ ಭಯ.

ಭಯ ಸಹಜ. ಆದರೆ ಈ ಕೆಲಸಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಅನುಭವ ಇದೆ. ಚೆವಾಲಿಯೆ ಜಾಕ್ಸನ್ (1865-1958) ಎಂಬ ಅಮೆರಿಕದ ವೈದ್ಯರು ಜನರ ಗಂಟಲು, ಅನ್ನನಾಳ, ಶ್ವಾಸನಾಳಗಳಿಂದ ತೆಗೆದ ವಸ್ತುಗಳನ್ನು ಜೋಪಾನವಾಗಿ ಕೂಡಿಟ್ಟರು. ಫಿಲಡೆಲ್ಫಿಯದ ಮ್ಯೂಟರ್ ವಸ್ತುಸಂಗ್ರಹಾಲಯದ ಡ್ರಾಯರ್‌ಗಳಲ್ಲಿ ಅವು 2,374 ಇವೆ: ಗುಂಡಿ, ನಾಣ್ಯ, ಸೇಫ್ಟಿ ಪಿನ್, ಪುಟ್ಟ ಆಟಿಕೆಗಳು. ಪೈಪು ಶುಚಿ ಮಾಡುವ ಕ್ಷಾರ ನುಂಗಿ ಅನ್ನನಾಳ ಮುಚ್ಚಿಹೋದ ಮಕ್ಕಳನ್ನೂ ಅವರು ನೋಡಿದ್ದರು. ಅಂಥ ಡಬ್ಬಿಗಳ ಮೇಲೆ ಎಚ್ಚರಿಕೆ ಬರೆಯಬೇಕೆಂದು ವರ್ಷಗಟ್ಟಲೆ ಹೋರಾಡಿದರು, 1927ರಲ್ಲಿ ಅಮೆರಿಕದಲ್ಲಿ ಅದು ಕಾನೂನಾಯಿತು. ಇಂದಿನ ಕೊಳವೆ ಬಾಗುತ್ತದೆ, ತುದಿಯಲ್ಲಿ ಕ್ಯಾಮೆರಾ ಇರುತ್ತದೆ. ಮಗು ಕೊನೆಯದಾಗಿ ಯಾವಾಗ ತಿಂದಿತು ಎಂದು ಸರಿಯಾಗಿ ಹೇಳುವುದೇ ನೀವು ಮಾಡಬಹುದಾದ ದೊಡ್ಡ ಸಹಾಯ.

ಮನೆಯಲ್ಲಿ ಯಾವುದು ಅಪಾಯದ ಗಾತ್ರ ಅಂತ ಹೇಗೆ ನೋಡೋದು?

3 ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು 31.7 ಮಿ.ಮೀ. ಅಗಲದ ಒಂದು ಕೊಳವೆ ಬಳಸುತ್ತಾರೆ, ಅದರೊಳಗೆ ಪೂರ್ತಿ ಇಳಿಯುವಷ್ಟು ಸಣ್ಣ ವಸ್ತು ಅವರ ಕೈಗೆ ಸಿಗಬಾರದು. ಮನೆಯಲ್ಲಿ ಟಾಯ್ಲೆಟ್ ಪೇಪರಿನ ಖಾಲಿ ರಟ್ಟಿನ ಸುರುಳಿ ಸಾಕು. ಅದು ಸ್ವಲ್ಪ ಅಗಲ, ಹಾಗಾಗಿ ಇನ್ನೂ ಸುರಕ್ಷಿತ ಅಳತೆ. ನೆಲದ ಮೇಲೆ ಮಂಡಿಯೂರಿ ಕೂತು ಮಗುವಿನ ಕಣ್ಣಿನ ಎತ್ತರದಿಂದ ನೋಡಿ. ರಿಮೋಟ್, ತೂಕದ ಯಂತ್ರ, ಹಾಡುವ ಶುಭಾಶಯ ಪತ್ರ, ಮಿನುಗುವ ಮೇಣದಬತ್ತಿ, ಇವುಗಳ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ? ಇಲ್ಲದಿದ್ದರೆ ಎತ್ತರದಲ್ಲಿ ಬೀಗ ಹಾಕಿಡಿ.

ಮಕ್ಕಳು ತೆಗೆಯಲಾರದ ಮುಚ್ಚಳ ಎನ್ನುವುದನ್ನು ಪೂರ್ತಿ ನಂಬಬೇಡಿ. ಅಮೆರಿಕದ ಪರೀಕ್ಷೆಯಲ್ಲಿ 10 ನಿಮಿಷದ ನಂತರ ಶೇಕಡಾ 80 ಮಕ್ಕಳು ಸೋತರೆ ಆ ಮುಚ್ಚಳ ಪಾಸು. ಉಳಿದವರು ತೆಗೆಯುತ್ತಾರೆ.

ಎರಡೂವರೆ ವರ್ಷವಾದರೂ ಮಣ್ಣು, ಸುಣ್ಣ, ಕೂದಲು ತಿನ್ನುತ್ತಾಳೆ. ಬೈದರೂ ಬಿಡಲ್ಲ.

ಚಿಕ್ಕಂದಿನಲ್ಲಿ ಎಲ್ಲವನ್ನೂ ಬಾಯಿಗಿಡುವುದು ಬೆಳವಣಿಗೆಯ ಭಾಗ. 2 ವರ್ಷ ದಾಟಿದ ಮೇಲೂ ತಿಂಗಳಿಗಿಂತ ಹೆಚ್ಚು ಕಾಲ ಆಹಾರವಲ್ಲದ್ದನ್ನು ತಿನ್ನುತ್ತಿದ್ದರೆ ಅದಕ್ಕೆ ಪೈಕಾ ಎನ್ನುತ್ತಾರೆ. ಕಬ್ಬಿಣಾಂಶದ ಕೊರತೆ ಇದೆಯಾ, ಹಳೆ ಬಣ್ಣ ಮಣ್ಣಿನಿಂದ ಸೀಸ ಸೇರಿದೆಯಾ ಎಂದು ರಕ್ತ ಪರೀಕ್ಷೆ ಮಾಡಿಸಿ. ನುಂಗಿದ ಕೂದಲು ಕರಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ. ಬೈಗುಳ ಇದಕ್ಕೆ ಮದ್ದಲ್ಲ.

ಮನೆಯವರು ಬೈತಾರೆ, ಡಾಕ್ಟರೂ ಬೈತಾರೆ ಅಂತ ಹೇಳಿರಲಿಲ್ಲ. ತಪ್ಪಾಯ್ತಾ?

ಈಗಲಾದರೂ ಹೇಳಿ. ಎಷ್ಟು ಗಂಟೆಗೆ, ಏನು, ಎಷ್ಟು, ಮನೆಯಲ್ಲಿ ಏನೇನು ಮಾಡಿದಿರಿ, ಇದ್ದದ್ದು ಇದ್ದಂತೆ. ಮಗು ಬಟನ್ ಬ್ಯಾಟರಿ ನುಂಗಿದ್ದು ಗೊತ್ತಿದ್ದೂ ಬೈಗುಳಕ್ಕೆ ಹೆದರಿ ನಾಣ್ಯ ಎಂದುಬಿಟ್ಟರೆ, ಕಾಯಬಾರದ ಮಗುವನ್ನು ಕಾಯಿಸಿದಂತಾಗುತ್ತದೆ. ಕಣ್ಣು ಒಂದು ಕ್ಷಣ ಆಚೆ ತಿರುಗುವುದು ಯಾವ ಮನೆಯಲ್ಲೂ ಆಗುವಂಥದ್ದು. ಮನೆಯ ಹಿರಿಯರಿಗೂ ನನ್ನದೊಂದು ಕೋರಿಕೆ: ಯಾರು ನೋಡಿಕೊಳ್ಳುತ್ತಿದ್ದರು ಎಂಬ ವಿಚಾರಣೆ ಬಿಡಿ, ತಾಯಿಯ ಬಾಯಿ ಮುಚ್ಚಿಸಬೇಡಿ. ದೊಡ್ಡ ಮಕ್ಕಳಿಗೂ 'ಹೇಳಿದರೆ ಹೊಡೆಯಲ್ಲ' ಎಂದು ಮೊದಲೇ ಹೇಳಿಟ್ಟಿರಿ. ತಮ್ಮ ಏನು ನುಂಗಿದ ಎಂದು ಗೊತ್ತಿರುವುದು ಎಷ್ಟೋ ಸಲ ಅಕ್ಕನಿಗೆ ಮಾತ್ರ.

ಬ್ಯಾಟರಿ ತೆಗೆದರು, ಮನೆಗೆ ಬಂದಿದ್ದೇವೆ. ಇನ್ನು ನಿಶ್ಚಿಂತೆಯಾ?

ಇನ್ನೂ ಕೆಲವು ವಾರ ಕಣ್ಣಿಟ್ಟಿರಿ. ಬ್ಯಾಟರಿ ಹೊರಬಂದ ಮೇಲೂ ಕ್ಷಾರದ ಗಾಯ ಆಳಕ್ಕಿಳಿಯುತ್ತಾ ಹೋಗಬಹುದು. ಅನ್ನನಾಳದ ಪಕ್ಕದಲ್ಲೇ ದೊಡ್ಡ ರಕ್ತನಾಳ ಮತ್ತು ಶ್ವಾಸನಾಳ ಇವೆ. ವಾಂತಿಯಲ್ಲಿ ಒಂದು ಚಮಚ ರಕ್ತ, ಕಪ್ಪು ಮಲ, ಕುಡಿದಾಗಲೆಲ್ಲ ಕೆಮ್ಮು, ಜ್ವರ, ಎದೆನೋವು ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ. ಸ್ವಲ್ಪವೇ ರಕ್ತ ಬಂದು ನಿಂತಿತು ಎಂದು ಸಮಾಧಾನಪಡಬೇಡಿ, ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಹೀಗೆ ಬಂದು ನಿಲ್ಲುವುದುಂಟು. ತಿಂಗಳುಗಳ ನಂತರ ಮಗು ಗಟ್ಟಿ ಊಟ ನುಂಗಲು ಕಷ್ಟಪಟ್ಟರೆ ಗಾಯ ಮಾಯುವಾಗ ಅನ್ನನಾಳ ಕಿರಿದಾಗಿರಬಹುದು. ಅದನ್ನು ಹಿಗ್ಗಿಸುವ ಚಿಕಿತ್ಸೆ ಇದೆ. ಬಿಡುಗಡೆಯ ಚೀಟಿಯನ್ನು ಜೋಪಾನವಾಗಿಡಿ, ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನೇ ಕೊಡಿ.